ಮನ್ನೂಬಿಯಾಳ ಕುರ್ಚಿಗಳು

ಮನ್ನೂಬಿಯಾಳ ಚಿಕ್ಕಪ್ಪ ಟ್ಯೂನಿಸ್‌ನಲ್ಲಿ ದೊಡ್ಡ ಅಧಿಕಾರಿ ಎಂದೇ ನಾನು ಬಹಳ ಕಾಲ ನಂಬಿದ್ದೆ. ಇಲ್ಲದಿದ್ದರೆ, ತೆಳು ಹಿಟ್ಟಿನ ಹಾಳೆಯಲ್ಲಿ ಮೊಟ್ಟೆ ಒಡೆದು ಹಾಕಿ ಬ್ರಿಕ್ ಕರಿಯುವ ಹೆಂಗಸಿಗೆ ರಸ್ತೆಬದಿಯಲ್ಲಿ ಕುರ್ಚಿ ಹಾಕುವ ಪರವಾನಗಿ ಸಿಗುವುದುಂಟೆ? ಎದುರಿಗೇ ನನ್ನ ಕಾಫಿ ಅಂಗಡಿ. ಅಜ್ಜನ ಕಾಲದ್ದು, ಗೋಡೆಯ ಮೇಲೆ ಮೀಸೆ ಸಮೇತ ಅಜ್ಜನೇ ಇದ್ದಾನೆ. ನಮಗೇ ಇಲ್ಲದ್ದು ಅವಳಿಗೆ!

ನಮ್ಮ ಕಡಲ ದಂಡೆಯ ಊರಿನಲ್ಲಿ ಬೇಸಿಗೆ ಸಂಜೆ ಯಾರೂ ಒಳಗೆ ಕೂರುವುದಿಲ್ಲ. ಹೊರಗೆ ಕುರ್ಚಿಯಿಲ್ಲದ ಕಾಫಿ ಅಂಗಡಿ ಬಾಗಿಲು ಹಾಕಿಕೊಂಡಂತೆಯೇ. ನನ್ನ ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ರಸ್ತೆ ದಾಟಿ ಅವಳಲ್ಲಿ ಕೂತು, ಗಲ್ಲಕ್ಕಿಳಿದ ಮೊಟ್ಟೆಯ ಹಳದಿ ಒರೆಸಿಕೊಳ್ಳುತ್ತ ನನ್ನತ್ತ ಕೈ ಬೀಸುತ್ತಿದ್ದರು. ಅವಳ ಬಾಣಲೆಯ ಎಣ್ಣೆಯನ್ನು ಯಾರೋ ನನ್ನ ಹೊಟ್ಟೆಗೆ ಸುರಿದಂತಾಗುತ್ತಿತ್ತು.

ತಡೆಯಲಾರದೆ ನಾನೂ ಪರವಾನಗಿ ಇಲ್ಲದೆ ಕುರ್ಚಿ ಹಾಕಿದೆ. ಪುರಸಭೆಯ ಲಾರಿ ಬಂದು ಎಲ್ಲವನ್ನೂ ಹೇರಿಕೊಂಡು ಹೋಯಿತು. ಅವಳ ಕುರ್ಚಿಗಳನ್ನು ಯಾರೂ ಮುಟ್ಟಲಿಲ್ಲ. ಲಾರಿಯವನು ಅವಳಿಗೆ ಸಲಾಮು ಬೇರೆ ಹೊಡೆದ.

ನಾನು ನೇರ ರಸ್ತೆ ದಾಟಿದೆ.

"ಮನ್ನೂಬಿಯಾ ಅಕ್ಕಾ, ನಿನ್ ಚಿಕ್ಕಪ್ಪಂಗೆ ನನ್ನ ವಿಷ್ಯಾನೂ ಒಂದ್ಮಾತು ಹೇಳು."

"ಯಾವ ಚಿಕ್ಕಪ್ಪನೋ? ಇದ್ದೊಬ್ಬ ಕತ್ತೆ ಮೇಯಿಸ್ಕೊಂಡೇ ಸತ್ತ."

"ಮತ್ತೆ ಪರವಾನಗಿ ಕೊಡಿಸ್ದೋರು ಯಾರು?"

ಅವಳು ಹಿಟ್ಟಿನ ಹಾಳೆ ಮಡಚುತ್ತಲೇ ಹೇಳಿದಳು. ಗಂಡ ದೋಣಿಯಿಂದ ಬಿದ್ದು ಸೊಂಟ ಮುರಿದುಕೊಂಡ ವರ್ಷ ಬಾಣಲೆಯೊಂದೇ ಗತಿಯಾಯಿತು. ಅರ್ಜಿ ಕೊಟ್ಟರೆ ಪುರಸಭೆಯವರು ಅಗ್ನಿಶಾಮಕದವರ ಒಪ್ಪಿಗೆ ತಾ ಎಂದರು. ಅಗ್ನಿಶಾಮಕದವರು ಪುರಸಭೆಯ ಒಪ್ಪಿಗೆ ತಾ ಎಂದರು. ಮನೆಯಲ್ಲಿ ವರ್ಷದ ಹರೀಸಾ ಚಟ್ನಿ ಅರೆಯುವ ಕಾಲ. ಕೆಲಸ ಬಿಟ್ಟು ಅಲೆಯಲಾಗದೆ ಒಣಮೆಣಸಿನಕಾಯಿ ಮೂಟೆಯನ್ನೇ ಪುರಸಭೆಯ ಪಡಸಾಲೆಗೆ ಹೊತ್ತೊಯ್ದು, ನೆಲದಲ್ಲಿ ಕೂತು ಬೀಜ ಕೊಡವತೊಡಗಿದಳು.

"ಮೊದ್ಲು ಗುಮಾಸ್ತ ಸೀನಿದ. ಆಮೇಲೆ ಸಾಹೇಬ್ರು. ಬೀಜ ಕೊಡವದೆ ಹರೀಸಾ ಆಗುತ್ತೇನೋ ತಮ್ಮಾ? ಕೊನೆಗೆ ಕಣ್ಣೊರೆಸ್ಕೊಂಡು ಅಗ್ನಿಶಾಮಕದೋರ್ನ ಅವ್ರೇ ಕರೆಸಿದ್ರು."

ಚಿಕ್ಕಪ್ಪನಿದ್ದಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದೆ. ಇದನ್ನು ಸಹಿಸುವುದು ಹೇಗೆ? ನಾನಾದರೋ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಒಮ್ಮೆ ಪುರಸಭೆಗೆ ಹೋಗಿ, ಕಿಟಕಿಯ ಮುಂದೆ ನಿಂತು, ನಾನು ಯಾರ ಮೊಮ್ಮಗ ಎಂದು ವಿವರವಾಗಿ ತಿಳಿಸಿ ಬಂದಿದ್ದೆ. ಅಷ್ಟು ಸಾಲದೆ? ನಾನು ಹೋಗಿಬಂದ ಆ ಕಥೆ ಊರಿಗೆಲ್ಲ ಗೊತ್ತು.

"ನಾಳೆ ನಾನೂ ಹೋಗ್ತೀನಿ," ಎಂದೆ. "ಯಾವ ಮೆಣಸಿನಕಾಯಿ ಒಯ್ಯಲಿ ಅಕ್ಕಾ? ಗಿಡ್ಡದ್ದೋ, ಉದ್ದದ್ದೋ?"

ಅವಳು ಬ್ರಿಕ್ಕನ್ನು ಎಣ್ಣೆಗೆ ಜಾರಿಸಿದಳು.

"ಮೊದ್ಲು ಅರ್ಜಿ ಕೊಡೋ."