ಮೌಲಾಸಾಬರ ಕೈ ತಪ್ಪಿರಲಿಲ್ಲ

ನನ್ನ ಎಡಗೆನ್ನೆಯ ಮೇಲೆ ಕಿವಿಯ ಬುಡದಿಂದ ದವಡೆಯವರೆಗೆ ಒಂದು ಗಾಯದ ಗೆರೆಯಿದೆ. ಬ್ಯಾಡಗಿಯ ಕ್ಷೌರಿಕ ಮೌಲಾಸಾಬರಿಂದ ಆದದ್ದು ಅಂತ ನಾನು ಊರಿಗೆಲ್ಲ ಹೇಳಿದೆ. ಅದು ಸುಳ್ಳು. ಆ ಬೆಳಿಗ್ಗೆ ಕತ್ತಿ ಇದ್ದದ್ದು ನನ್ನ ಕೈಯಲ್ಲಿ. ನಡುಗಿದ್ದೂ ನನ್ನ ಕೈಯೇ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಹುಬ್ಬಳ್ಳಿಯ ಒಬ್ಬ ಸಗಟು ವ್ಯಾಪಾರಿಯ ಪರವಾಗಿ ನಾನು ಗೋಣಿಚೀಲ, ಸುತಳಿ ಮಾರಿಕೊಂಡು ತಿರುಗುತ್ತಿದ್ದೆ. ಸೋಮವಾರ ಹಾವೇರಿ, ಬುಧವಾರ ರಾಣೆಬೆನ್ನೂರು, ಶುಕ್ರವಾರ ಬ್ಯಾಡಗಿ. ಶನಿವಾರ ಸಂಜೆ ಮನೆ ಸೇರಿದರೆ ಸೋಮವಾರ ಬೆಳಿಗ್ಗೆ ಮತ್ತೆ ಬಸ್ಸು. ಮೆಣಸಿನಕಾಯಿ ಪೇಟೆಯಲ್ಲಿ ನನ್ನ ಹೆಸರು ಗೊತ್ತಿದ್ದವರು ಕಡಿಮೆ, ಎಲ್ಲರಿಗೂ ನಾನು 'ಚೀಲದ ಸಾಹೇಬ್ರು'. ಹಾಗೆ ಕರೆಯುವವರು ನೂರು ಜನ ಇದ್ದರು. ಪಕ್ಕದಲ್ಲಿ ಕೂತು ಊಟ ಮಾಡುವವರು ಒಬ್ಬರೂ ಇರಲಿಲ್ಲ.

ಮೌಲಾಸಾಬರ ಅಂಗಡಿ ಪೇಟೆಯ ಹಿಂದಿನ ಓಣಿಯಲ್ಲಿ. ಒಂದೇ ಕುರ್ಚಿ, ಒಂದು ಕನ್ನಡಿ. ಐವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ದೊಡ್ಡ ದೊಡ್ಡ ದಲಾಲರು ಅವರ ಮುಂದೆ ಕತ್ತು ಎತ್ತಿ ಕಣ್ಣು ಮುಚ್ಚಿ ಕೂಡುತ್ತಿದ್ದರು — ಅಷ್ಟು ನಂಬಿಕೆಯ ಕೈ ಅದು. ಶುಕ್ರವಾರಕ್ಕೊಮ್ಮೆ ನಾನೂ ಕೂಡುತ್ತಿದ್ದೆ. ಉಳಿದ ದಿನಗಳಲ್ಲಿ ಗಡ್ಡ ಬೆಳೆಸಿಕೊಂಡೇ ಗಿರಾಕಿಗಳ ಮುಂದೆ ನಿಲ್ಲಬೇಕಾಗುತ್ತಿತ್ತು. ಒಂದು ದಿನ ಕೇಳಿಯೇಬಿಟ್ಟೆ — ನನಗೂ ಈ ಕತ್ತಿ ಹಿಡಿಯುವುದನ್ನು ಕಲಿಸುತ್ತೀರಾ?

"ಕಲಸ್ತೇನಿ. ಆದ್ರ ಅವಸರದ ಮಂದಿಗೆ ಇದು ಒಗ್ಗಂಗಿಲ್ಲ, ಸಾಹೇಬ್ರ" ಅಂದರು.

ನನಗೆ ಅವಸರ ಎಲ್ಲಿತ್ತು? ಮಧ್ಯಾಹ್ನ ಅಂಗಡಿ ಖಾಲಿಯಾದಾಗ ಕೂಡಿಸಿಕೊಂಡು ಎರಡು ತಿಂಗಳು ಕಲಿಸಿದರು. ಮೊದಲು ಕತ್ತಿಯ ಬೆನ್ನಿನಿಂದ, ಆಮೇಲೆ ಅಲಗಿನಿಂದ. "ಎಡಗೈಲೆ ಚರ್ಮ ಎಳದು ಹಿಡೀರಿ. ಕತ್ತಿ ತಾನ ಹೋಗಬೇಕು, ನೀವು ದೂಡಬ್ಯಾಡ್ರಿ." ತಮ್ಮದೇ ಒಂದು ಹಳೆಯ ಕತ್ತಿಯನ್ನೂ, ಅದನ್ನು ತಿಕ್ಕಲು ತೊಗಲಿನ ಪಟ್ಟಿಯನ್ನೂ ಕೊಟ್ಟರು. ಹದಿನೈದು ದಿನಕ್ಕೊಮ್ಮೆ ಸಾಣೆ ಹಿಡಿದುಕೊಡುವ ಕೆಲಸ ತಮ್ಮಲ್ಲೇ ಇಟ್ಟುಕೊಂಡರು. ಆ ದಿನ ಒಮ್ಮೊಮ್ಮೆ ನನ್ನ ಗಡ್ಡವನ್ನೂ ಅವರೇ ಮಾಡುತ್ತಿದ್ದರು.

ಅಲ್ಲಿಂದ ಆ ಕತ್ತಿ ನನ್ನ ಜೊತೆ ಊರೂರು ತಿರುಗಿತು. ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿ ಚೀಲದ ತಳದಲ್ಲಿ ಇಡುತ್ತಿದ್ದೆ. ಹಾವೇರಿಯ ಲಾಡ್ಜಿನಲ್ಲಿ ಬಿಸಿನೀರು ಬರುತ್ತಿರಲಿಲ್ಲ, ಕೆಳಗಿನ ಚಹಾದಂಗಡಿಯಿಂದ ಒಂದು ಲೋಟ ತರುತ್ತಿದ್ದೆ. ರಾಣೆಬೆನ್ನೂರಿನ ಲಾಡ್ಜಿನಲ್ಲಿ ಕನ್ನಡಿ ಅರ್ಧ ಕಪ್ಪಾಗಿತ್ತು, ಗದ್ದವನ್ನು ಒಂದು ಮೂಲೆಯಲ್ಲಿ ಕೆನ್ನೆಯನ್ನು ಇನ್ನೊಂದು ಮೂಲೆಯಲ್ಲಿ ನೋಡಿಕೊಳ್ಳಬೇಕು. ಬ್ಯಾಡಗಿಯದು ಬೇರೆಯೇ ಕಷ್ಟ — ಸುಗ್ಗಿಯ ದಿನಗಳಲ್ಲಿ ಮೆಣಸಿನಕಾಯಿ ಘಾಟು ಕೋಣೆಯೊಳಗೂ ಬಂದು ಸೀನು ಬರಿಸುತ್ತಿತ್ತು. ಕಿಟಕಿಗೆ ಒದ್ದೆ ಟವೆಲ್ ಕಟ್ಟಿ, ಎರಡು ಸಲ ಸೀನಿ ಮುಗಿಸಿ, ಆಮೇಲೆ ಕತ್ತಿ ಹಿಡಿಯಬೇಕು ಅಂತ ಮೌಲಾಸಾಬರೇ ಹೇಳಿಕೊಟ್ಟಿದ್ದರು. ಪಟ್ಟಿಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ ಕತ್ತಿ ತಿಕ್ಕುವುದರಿಂದ ಹಿಡಿದು ಮುಖ ಒರೆಸುವವರೆಗೆ ಪೂರ್ತಿ ಅರ್ಧ ಗಂಟೆ. ಇಡೀ ದಿನದಲ್ಲಿ ಒಬ್ಬರು ನನ್ನ ಮುಖವನ್ನು ಗಮನ ಕೊಟ್ಟು ನೋಡುತ್ತಿದ್ದದ್ದು, ಮುಟ್ಟುತ್ತಿದ್ದದ್ದು ಆ ಅರ್ಧ ಗಂಟೆಯಲ್ಲಿ ಮಾತ್ರ. ಅವರು ನಾನೇ ಆಗಿದ್ದರೂ...

ಪೇಟೆಯಲ್ಲಿ ಇದು ಸುದ್ದಿಯಾಯಿತು. ಚನ್ನಬಸಪ್ಪ ಸಾವ್ಕಾರರು — ನನ್ನ ಅತಿ ದೊಡ್ಡ ಗಿರಾಕಿ, ನಮ್ಮ ಮಾಲೀಕರ ಗೆಳೆಯರೂ ಹೌದು — ಬಂದವರಿಗೆಲ್ಲ ನನ್ನನ್ನು ತೋರಿಸುತ್ತಿದ್ದರು. "ನೋಡ್ರಿ ಈ ಮನಿಷ್ಯಾನ ಗಲ್ಲಾ! ಲಾಡ್ಜಿನ್ಯಾಗ ಕುಂತು ತಾನ ಕತ್ತೀಲೆ ಮಾಡ್ಕೋತಾನ. ಇಂಥಾ ಕೈ ಇದ್ದಾಂವ ವ್ಯವಹಾರದಾಗೂ ತಪ್ಪಂಗಿಲ್ಲ." ನಾನು ಉಬ್ಬುತ್ತಿದ್ದೆ. ಬೇರೆ ಏನಿತ್ತು ನನ್ನ ಬಳಿ, ಉಬ್ಬಲು?

ಕುಡಿಯಲು ಶುರುಮಾಡಿದ್ದು ಯಾವಾಗ ಅಂತ ಸರಿಯಾಗಿ ನೆನಪಿಲ್ಲ. ಸಂಜೆ ಪೇಟೆ ಮುಚ್ಚಿದ ಮೇಲೆ ಕೋಣೆಯಲ್ಲಿ ಮಾಡಲು ಏನೂ ಇರುತ್ತಿರಲಿಲ್ಲ. ಮೊದಲು ವಾರಕ್ಕೊಮ್ಮೆ. ಆಮೇಲೆ ಲೆಕ್ಕ ಇಡುವುದನ್ನು ಬಿಟ್ಟೆ. ಯಾರಿಗೂ ತಿಳಿದಿರಲಿಲ್ಲ — ಮೌಲಾಸಾಬರೊಬ್ಬರಿಗೆ ಬಿಟ್ಟು. ಒಂದು ಶುಕ್ರವಾರ ಸಾಣೆ ಹಿಡಿದ ಕತ್ತಿಯನ್ನು ಕೊಡುವಾಗ ನನ್ನ ಬೆರಳುಗಳನ್ನೇ ನೋಡಿದರು.

"ಸ್ವಲ್ಪ ದಿವ್ಸ ಇದನ್ನ ನನ್ನ ಕಡೇನ ಇಟ್ಟು ಹೋಗ್ರಿ. ಕೈ ಸುದ್ದ ಆಗೂತನಕ ನಾ ಮಾಡ್ತೇನಿ."

"ನನ್ನ ಕೈಗೆ ಏನೂ ಆಗಿಲ್ಲ" ಅಂತ ಕತ್ತಿ ಕಸಿದುಕೊಂಡು ಬಂದೆ.

ಎರಡು ವಾರದ ಮೇಲೆ, ಬ್ಯಾಡಗಿಯ ಲಾಡ್ಜಿನಲ್ಲಿ ಅದು ಆಯಿತು. ಬೆಳಿಗ್ಗೆ ಎದ್ದಾಗಲೇ ಕೈ ಹಿಡಿತದಲ್ಲಿರಲಿಲ್ಲ. ಒಂದು ದಿನ ಬಿಡಬಹುದಿತ್ತು. ಬಿಡಲಿಲ್ಲ — ಸಾವ್ಕಾರರ ಅಂಗಡಿಗೆ ಹೋಗುವ ದಿನ ಅದು. ಕತ್ತಿ ಕಿವಿಯ ಕೆಳಗೆ ಇಳಿದದ್ದು ಮೊದಲು ಗೊತ್ತೇ ಆಗಲಿಲ್ಲ. ಆಮೇಲೆ ಅಂಗಿ ಕೆಂಪಾಯಿತು. ಟವೆಲ್ ಒತ್ತಿಕೊಂಡು ಓಡಿದ್ದು ಅವರ ಅಂಗಡಿಗೇ. ಆ ಊರಿನಲ್ಲಿ ಮತ್ತೆ ಯಾರಿದ್ದರು ನನಗೆ?

ಮೌಲಾಸಾಬರು ಕುರ್ಚಿಯಲ್ಲಿ ಕೂಡಿಸಿದರು, ಬಿಸಿನೀರಲ್ಲಿ ತೊಳೆದರು, ರಕ್ತ ನಿಲ್ಲಲೆಂದು ಪಟಿಕದ ಹರಳು ಒತ್ತಿದರು, ಬಿಳಿ ಬಟ್ಟೆ ಮಡಚಿ ಅಂಗೈಯಿಂದ ಹಿಡಿದು ನಿಂತರು. "ಆಳ ಐತಿ. ದವಾಖಾನಿಗೆ ಹೋಗೂಣು" ಅನ್ನುತ್ತಿರುವಾಗಲೇ ಚನ್ನಬಸಪ್ಪ ಸಾವ್ಕಾರರು ಒಳಗೆ ಬಂದರು. ಹಿಂದೆ ಇನ್ನಿಬ್ಬರು ದಲಾಲರು.

"ಅಯ್ಯಯ್ಯ! ಏನಾತ್ರಿ ಇದು?"

ಸೀನು ಬಂತು ಅಂದಿದ್ದರೆ ಸಾಕಿತ್ತು. ಬ್ಯಾಡಗಿಯಲ್ಲಿ ಅದನ್ನು ಯಾರು ನಂಬುತ್ತಿರಲಿಲ್ಲ? ಆ ಸುಳ್ಳಿನಿಂದ ಯಾರಿಗೂ ಏನೂ ಆಗುತ್ತಿರಲಿಲ್ಲ. ಆದರೆ ಹಾಗೆ ಹೇಳಲು ನನ್ನ ಕೈ ತಪ್ಪಿತು ಅಂತ ಒಪ್ಪಬೇಕಾಗಿತ್ತು — ಯಾವ ಕೈಯನ್ನು ಅವರು ಹತ್ತು ಜನರ ಮುಂದೆ ಹೊಗಳಿದ್ದರೋ ಆ ಕೈ. ಹೆದರಿಕೆಯೂ ಇತ್ತು. ಸಾವ್ಕಾರರಿಗೆ ಕುಡುಕರನ್ನು ಕಂಡರಾಗದು. ಹತ್ತಿರ ಬಂದರೆ ವಾಸನೆ ಸಿಗುತ್ತಿತ್ತು, ಮಾಲೀಕರಿಗೆ ಸುದ್ದಿ ಮುಟ್ಟುತ್ತಿತ್ತು. ಇಷ್ಟೆಲ್ಲ ಯೋಚಿಸಿ ಹೇಳಿದೆನೆಂದಲ್ಲ. ಬಾಯಿಂದ ಬಂದುಬಿಟ್ಟಿತು —

"ಮೌಲಾಸಾಬರ ಕೈ ತಪ್ಪಿತ್ರಿ."

ನನ್ನ ಕೆನ್ನೆಯ ಮೇಲಿದ್ದ ಅಂಗೈ ಅಲುಗಲಿಲ್ಲ.

ಸಾವ್ಕಾರರು ಅವರ ಕಡೆ ತಿರುಗಿದರು. "ಹೌದೇನು, ಮೌಲಾ?"

ಅವರು ನನ್ನನ್ನು ನೋಡಿದರು. ಅಷ್ಟು ಹತ್ತಿರದಿಂದ ವಾಸನೆ ಸಿಕ್ಕಿರಲೇಬೇಕು. ನನ್ನ ಹೆದರಿಕೆಯೂ ಕಂಡಿರಬೇಕು.

"ಹೌದ್ರಿ, ಸಾವ್ಕಾರ್ರ. ವಯಸ್ಸಾತು ನೋಡ್ರಿ."

ಗಡ್ಡ ಮಾಡಿಸಲು ಬಂದಿದ್ದ ಸಾವ್ಕಾರರು, ಇವತ್ತು ಕೆಲಸ ಐತಿ, ನಾಳೆ ಬರ್ತೇನಿ ಅಂತ ಹೊರಟುಹೋದರು. ಇನ್ನಿಬ್ಬರೂ ಹಿಂದೆಯೇ ಹೋದರು. ನನಗೆ ಏಳು ಹೊಲಿಗೆ ಬಿದ್ದವು. ಹುಬ್ಬಳ್ಳಿಯಲ್ಲಿ ಮಾಲೀಕರಿಗೂ ಹೆಂಡತಿಗೂ ಅದೇ ಮಾತು ಹೇಳಿದೆ. ಹೆಂಡತಿ ಆ ಕಾಣದ ಮನುಷ್ಯನಿಗೆ ಶಾಪ ಹಾಕಿದಳು. ನಾನು ಸುಮ್ಮನೆ ಊಟ ಮಾಡಿದೆ.

ಮುಂದಿನ ಸಲ ಹೋದಾಗ ಅಂಗಡಿಯಲ್ಲಿ ಯಾರೂ ಇರಲಿಲ್ಲ. ದಲಾಲರೆಲ್ಲ ಸ್ಟೇಷನ್ ರಸ್ತೆಯ ಹೊಸ ಅಂಗಡಿಗೆ ಹೋಗತೊಡಗಿದ್ದರು. ಮೌಲಾಸಾಬರು ಎಂದಿನಂತೆ ನನ್ನ ಕತ್ತಿಗೆ ಸಾಣೆ ಹಿಡಿದರು.

"ನಿಮ್ಮ ನೌಕರಿ ಉಳೀತಲ್ರಿ?"

"ಉಳೀತು."

"ಆತು ಬಿಡ್ರಿ. ಆದ್ರ ಆ ಮಾತು... ಒಮ್ಮೆ ಸಾವ್ಕಾರ್ರ ಕಿವಿಗೆ ಹಾಕ್ರಿ. ಈಗ ನಾ ಹೇಳಿದ್ರ ಯಾರೂ ನಂಬಂಗಿಲ್ಲ. ನಿಮಗ ಅನುಕೂಲ ಆದಾಗ ಹೇಳ್ರಿ, ಗಡಿಬಿಡಿ ಏನಿಲ್ಲ."

"ಇವತ್ತೇ ಹೇಳುತ್ತೇನೆ" ಅಂದೆ. ಖರೇ ಹೇಳುವ ಮನಸ್ಸಿನಿಂದಲೇ ಸಾವ್ಕಾರರ ಅಂಗಡಿಗೆ ಹೋದೆ. ಅವರು ಪಕ್ಕದಲ್ಲಿ ಕೂಡಿಸಿಕೊಂಡು, ಗಾಯ ನೋಡಿ ಮರುಗಿ, ಚಹಾ ತರಿಸಿದರು. ಒಬ್ಬರು ಹಾಗೆ ಪಕ್ಕದಲ್ಲಿ ಕೂಡಿಸಿಕೊಂಡು ಎಷ್ಟು ದಿನವಾಗಿತ್ತು! ಚಹಾ ಕುಡಿದು ಎದ್ದುಬಂದೆ. ಹೇಳಲಿಲ್ಲ. ಆಮೇಲೆ ಆ ಓಣಿಗೆ ಹೋಗುವುದನ್ನೇ ಬಿಟ್ಟೆ. ಸಾಣೆಕಲ್ಲು ಕೊಂಡು ನಾನೇ ಹಿಡಿಯಲು ಕಲಿತೆ.

ಕುಡಿತ ಬಿಟ್ಟೆ, ನಿಜ. ಅದರಿಂದ ಅವರಿಗೇನು ಬಂತು? ವರ್ಷ ತುಂಬುವುದರೊಳಗೆ ಅವರ ಅಂಗಡಿ ಮುಚ್ಚಿತು. ಇನ್ನೂ ಮೂರು-ನಾಲ್ಕು ವರ್ಷದ ಮೇಲೆ, ರಾಣೆಬೆನ್ನೂರಿನಲ್ಲಿ ಬಸ್ಸು ಹೊರಡಲು ಕಾಯುತ್ತಿದ್ದಾಗ, ಕಿಟಕಿಯಿಂದ ಅವರನ್ನು ಕಂಡೆ. ಬೇವಿನ ಮರದ ಕೆಳಗೆ ಇಟ್ಟಿಗೆಯ ಮೇಲೆ ಒಬ್ಬ ರೈತನನ್ನು ಕೂಡಿಸಿ ಗಡ್ಡ ಮಾಡುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕೈಯನ್ನೇ ನೋಡಿದೆ. ಒಂದಿಷ್ಟೂ ನಡುಗುತ್ತಿರಲಿಲ್ಲ. ಇಳಿಯಬೇಕೆಂದು ಚೀಲ ಎತ್ತಿಕೊಂಡೆ — ಎತ್ತಿಕೊಂಡು ತೊಡೆಯ ಮೇಲೆ ಇಟ್ಟುಕೊಂಡೆ. ಬಸ್ಸು ಹೊರಟಿತು.

ಅವರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಒಂದು ವರ್ಷ ತಡವಾಗಿ, ಕಳೆದ ತಿಂಗಳು. ಮರುದಿನವೇ ಬ್ಯಾಡಗಿಗೆ ಹೋದೆ. ಸಾವ್ಕಾರರ ಅಂಗಡಿಯಲ್ಲಿ ಎಂಟು-ಹತ್ತು ಜನ ಕೂತಿದ್ದಾಗ, ಎಲ್ಲರಿಗೂ ಕೇಳುವಂತೆ ನಿಂತು ಹೇಳಿದೆ. ಸಾವ್ಕಾರರಿಗೆ ಈಗ ಕಣ್ಣು ಮಂಜು. ದನಿ ಬಂದ ಕಡೆ ಮುಖ ತಿರುಗಿಸಿದರು.

"ಆವತ್ತಿನಿಂದ ಆ ಮನಿಷ್ಯಾನ ಓಣಿ ತುಳೀಲಿಲ್ಲ ನಾನು" ಅಂದರು. "ಎದ್ದು ಹೋಗಪಾ."

ಅಲ್ಲಿಂದ ಹಾವೇರಿಗೆ, ಮೌಲಾಸಾಬರ ಮಗಳು ರಜಿಯಾಳ ಮನೆಗೆ ಹೋದೆ. ಕೊನೆಯ ದಿನಗಳಲ್ಲಿ ಅವರು ಇದ್ದದ್ದು ಅಲ್ಲೇ. ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ. ಆಕೆ ನನ್ನ ಕೆನ್ನೆಯನ್ನು ದಿಟ್ಟಿಸಿ ನೋಡಿದಳು.

"ಅವರು ನೀವೇನ್ರಿ?" ಅಂದಳು. "ಕಡೀಕ ಅಬ್ಬಾಗ ನೆನಪು ಹಾರಿತ್ರಿ. ಯಾರ್ಯಾರೋ ಅಂದದ್ದನ್ನ ತಾವೂ ನಂಬಿಬಿಟ್ಟಿದ್ರು. 'ಚೀಲದ ಸಾಹೇಬ್ರ ಗಲ್ಲ ಕೊಯ್ದೇನಿ, ಅವ್ರನ್ನ ಹುಡುಕ್ರಿ, ನಾ ಮಾಫಿ ಕೇಳಬೇಕು' ಅಂತ ಅಳತಿದ್ರು. ನಾವು ಎಲ್ಲಿ ಹುಡುಕೂದ್ರಿ ನಿಮ್ಮನ್ನ?"

ಕ್ಷಮೆ ಎಂಬ ಮಾತು ನನ್ನ ಬಾಯಿಗೆ ಬರಲಿಲ್ಲ — ಅದನ್ನೂ ಅವರೇ ಕೇಳಿ ಹೋಗಿದ್ದರು.

ರಜಿಯಾ ಅಳಲಿಲ್ಲ, ಬೈಯಲಿಲ್ಲ. "ಇದನ್ನ ಬರದು ಕೊಡ್ರಿ" ಅಂದಳು. "ನಿಮ್ಮ ಹೆಸರು ಹಾಕಿ ಕೊಡ್ರಿ. ನಮ್ಮ ಮಂದೀ ಮುಂದ ಓದಬೇಕು."

ಬರೆದಿದ್ದೇನೆ. ಕೆಳಗೆ ರುಜು ಹಾಕಿದ್ದೇನೆ. ನಾಡಿದ್ದು ತೆಗೆದುಕೊಂಡು ಹೋಗಿ, ಆಕೆ ಎಲ್ಲರ ಮುಂದೆ ಓದಿ ಮುಗಿಸುವವರೆಗೆ ಅಲ್ಲೇ ನಿಂತಿರುತ್ತೇನೆ.