ಅಟ್ಟದ ಮೇಲಿನ ಬ್ಯಾಟರಿ

ಯಗಟಿಯ ಅಕ್ಕನ ಮನೆಯಲ್ಲಿ ಅಟ್ಟದಿಂದ ಕಾಯಿ ಇಳಿಸುವ ದಿನ ನಾನೂ ಹೋಗಿದ್ದೆ. ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದ ತೆಂಗಿನಕಾಯಿ, ನೀರು ಬತ್ತಿ ಉಂಡೆ ಕೊಬ್ಬರಿಯಾಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಅಷ್ಟರಲ್ಲಿ ಸಿಪ್ಪೆ ಎಷ್ಟು ಒಣಗಿರುತ್ತದೆಂದರೆ ಆ ಮನೆಯಲ್ಲಿ ಅಟ್ಟದ ಹತ್ತಿರ ಯಾರೂ ಬೀಡಿ ಹಚ್ಚುವುದಿಲ್ಲ.

ಮೂಲೆಯ ಕಾಯಿಗಳನ್ನು ಸರಿಸಿದಾಗ ಅಕ್ಕನಿಗೆ ನೀಲಿ ಪ್ಲಾಸ್ಟಿಕ್ ಸುತ್ತಿದ ಒಂದು ಪೊಟ್ಟಣ ಸಿಕ್ಕಿತು. ಭಾವ ಈರುಳ್ಳಿಗೆ ಔಷಧಿ ಹೊಡೆಯುತ್ತಿದ್ದ ಪಂಪಿನ ಹಳೇ ಲಿಥಿಯಂ ಬ್ಯಾಟರಿ. ಚಪ್ಪಟೆಯಾಗಿರಬೇಕಾದದ್ದು ಉಬ್ಬಿ, ಮೇಲಿನ ಪ್ಲಾಸ್ಟಿಕ್ ಬಿರಿಯುವ ಹಾಗಾಗಿತ್ತು.

“ಒತ್ತಬೇಡ ಅಕ್ಕ, ಅಲ್ಲೇ ಬಿಡು” ಅಂದೆ. ಬಾಂಡ್ಲಿಗೆ ಮರಳು ತುಂಬಿಸಿಕೊಂಡು ನಾನೇ ಏಣಿ ಹತ್ತಿ, ಅದನ್ನು ಮರಳಿನಲ್ಲಿ ಮುಚ್ಚಿ ಅಂಗಳಕ್ಕೆ ತಂದೆ. ಇದು ತಾನಾಗಿಯೇ ಹೊತ್ತಿಕೊಳ್ಳಬಹುದು ಎಂದಾಗ ಅಕ್ಕ ಒಮ್ಮೆ ಅಟ್ಟ ನೋಡಿದಳು, ಆಮೇಲೆ ಅದರ ಕೆಳಗೆ ತಾನೂ ಭಾವನೂ ಮಲಗುವ ಮಂಚ ನೋಡಿದಳು.

ಭಾವ ನಕ್ಕರು. “ಸತ್ತೋಗಿರೋ ಬ್ಯಾಟ್ರಿ ಅದು. ಪಂಪೇ ಓಡಿಸ್ದೇ ಇರೋದು ಮನೆ ಸುಡ್ತದಾ?”

“ಪಂಪಿಗೆ ಸಾಲ್ದೇ ಇರಬಹುದು ಭಾವ, ಒಳಗೆ ಇನ್ನೂ ಚಾರ್ಜ್ ಇರುತ್ತೆ. ಮನೇಲಿ ಇಡಬೇಡಿ ಅಂತ ಹೋದ ವರ್ಷವೇ ಹೇಳಿದ್ದೆನಲ್ಲ.”

ಅವರ ನಗು ನಿಂತಿತು. “ಏನಮ್ಮಾ, ಕೆಮಿಸ್ಟ್ರಿ ಓದಿದೋಳು ನೀನು. ತಿಪ್ಪೆಗೆ ಎಸಿತೀನಿ ಅಂದಾಗ, ಬ್ಯಾಡ, ಇಟ್ಟಿರಿ, ನಾನು ತಗಂಡೋಯ್ತೀನಿ ಅಂದೋಳೂ ನೀನೇ.”

“ನಾನು ಹಂಗೆ ಹೇಳಿಲ್ಲ.”

“ಹೇಳಿದ್ದೆ ಕಣೇ” ಎಂದಳು ಅಕ್ಕ, ಮೆಲ್ಲಗೆ.

ನನಗೆ ಅನುಮಾನವೇ ಇರಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನಿಂತು, ಬೆರಳಾಡಿಸಿ, ಇಡಬೇಡಿ ಎಂದದ್ದು ಕಣ್ಣಿಗೆ ಕಟ್ಟಿದ ಹಾಗಿತ್ತು.

ಬಸ್ಸಿನಲ್ಲಿ ತರುವ ಧೈರ್ಯವಾಗಲಿಲ್ಲ. ಮರುದಿನ ನನ್ನ ಸ್ಕೂಟರ್ ತಂದು, ಅದನ್ನು ಮರಳಿನ ಬಕೆಟ್ಟಿಗೆ ಹಾಕಿ ಕಾಲ ಬಳಿ ಇಟ್ಟುಕೊಂಡು ನಿಧಾನವಾಗಿ ಕಡೂರಿಗೆ ಬಂದೆ. ಪಂಪು ಮಾರಿದ ಅಂಗಡಿಯವರು, “ಹೊಸದು ಕೊಡ್ತೀನಿ ಮೇಡಂ, ಹಳೇದು ನಾವು ತಗಳಲ್ಲ. ಕಂಪ್ನಿಗೆ ಕಳ್ಸೋಣಂದ್ರೆ ಕೊರಿಯರ್‌ನೋರೂ ಮುಟ್ಟಲ್ಲ” ಎಂದರು. ಗುಜರಿಯವನು ಬಕೆಟ್ಟಿನೊಳಗೆ ಬಗ್ಗಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದ. “ಯುಪಿಎಸ್ ಬ್ಯಾಟ್ರಿ ಇದ್ರೆ ತನ್ನಿ, ಸೀಸ ಇರ್ತದೆ, ತೂಕಕ್ಕೆ ಹಾಕ್ಕಂತೀನಿ. ಇದನ್ನ ಪೇಪರ್ ರಾಶಿ ಪಕ್ಕ ಇಟ್ಟು ನಾನು ಮನೇಲಿ ನಿದ್ದೆ ಮಾಡ್ಲಾ?”

ತರೀಕೆರೆ, ಅಜ್ಜಂಪುರದಲ್ಲೂ ವಿಚಾರಿಸಿದೆ. ಇಂಥದ್ದನ್ನು ಬಿಚ್ಚಿ ಲಿಥಿಯಂ, ಕೋಬಾಲ್ಟ್ ಬೇರೆ ಮಾಡುವ ಬಗೆಯನ್ನು ಕಾಲೇಜಿನ ಬೋರ್ಡಿನ ಮೇಲೆ ನಾಲ್ಕು ಬಾಣ ಹಾಕಿ ವಿವರಿಸುವವಳು ನಾನು. ಯಗಟಿಯ ಅಟ್ಟದಿಂದ ಆ ಮೊದಲ ಬಾಣದವರೆಗೆ ಅದನ್ನು ಒಯ್ಯುವವರು ಯಾರೂ ಸಿಗಲಿಲ್ಲ. ಕೊನೆಗೆ ನಮ್ಮ ಮನೆಯ ಹಿತ್ತಲಿನಲ್ಲಿ, ಗೋಡೆಯಿಂದ ದೂರ, ಮರಳು ತುಂಬಿದ ಗಡಿಗೆಯಲ್ಲಿ ಅದನ್ನು ಇಟ್ಟೆ.

ಹೋದ ವರ್ಷದ ದಿನಚರಿ ತೆಗೆದದ್ದು ನಾನೇ ಸರಿ ಎಂದು ತೋರಿಸುವುದಕ್ಕೆ. ಅಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿತ್ತು: ‘ಭಾವ ಬ್ಯಾಟರಿಯನ್ನು ತಿಪ್ಪೆಗೆ ಎಸೆಯಲು ಹೊರಟಿದ್ದರು. ತಡೆದೆ. ಇಟ್ಟಿರಲು ಹೇಳಿದೆ. ಮುಂದಿನ ಸಲ ತರಬೇಕು.’

ಆಮೇಲೆ ಮೂರು ಸಲ ಆ ಮನೆಗೆ ಹೋಗಿ ಊಟ ಮಾಡಿ ಬಂದಿದ್ದೇನೆ. ಹಾಗಾದರೆ ಕಲ್ಲಿನ ಪಕ್ಕ ನಿಂತು ಬೆರಳಾಡಿಸಿದ್ದು? ಈರುಳ್ಳಿ ಔಷಧಿಯ ಡಬ್ಬಿಯ ವಿಷಯಕ್ಕಿರಬಹುದು. ನಡೆಯದೆಯೂ ಇರಬಹುದು. ಆದರೆ ಅಕ್ಕ ಅಷ್ಟು ದಿನ ಆ ಅಟ್ಟದ ಕೆಳಗೆ ಮಲಗಿದ್ದು ನನ್ನ ಮಾತು ನಂಬಿ.

ಭಾವನಿಗೆ ಫೋನು ಮಾಡಿದೆ. “ನೀವು ಹೇಳಿದ್ದೇ ಸರಿ. ಇಡಿ ಅಂದೋಳು ನಾನೇ. ಬರೆದಿಟ್ಟಿದೀನಿ.”

“ಬರೆದಿಟ್ಟು ಮರೆಯೋದು ಓದಿದೋರ ಕೆಲಸ, ಬಿಡಮ್ಮ. ಈಗೆಲ್ಲೈತೆ ಅದು?”

“ನಮ್ಮ ಹಿತ್ತಲಲ್ಲೇ. ಯಾರೂ ತಗಳ್ತಿಲ್ಲ.”

“ಹಂಗಾದ್ರೆ ಕೇಳು. ಟಾರ್ಚಿಂದು ಇನ್ನೊಂದೈತೆ, ಅದೂ ಉಬ್ಬೈತೆ. ನಿಮ್ಮಕ್ಕ ಅಂಗಳದಲ್ಲಿ ಮರಳೊಳಗಿಟ್ಟು ಕಾವಲು ಕಾಯ್ತಾವ್ಳೆ. ಯಾವಾಗ ಬತ್ತೀಯ?”

“ಭಾನುವಾರ” ಅಂದೆ. ಫೋನು ಇಡುವ ಮೊದಲೇ ಬರೆದುಕೊಂಡೆ: ಭಾನುವಾರ, ಯಗಟಿ, ಬಕೆಟ್ಟು.

ಭಾನುವಾರ ಹೋದೆ. ಗಡಿಗೆಯಲ್ಲೀಗ ಎರಡಿವೆ.