ಒಂಬತ್ತು ಲಾರಿಗೂ ಒಂದೊಂದು ಕಾಯಿ

ಮಲ್ಲೇಶಿ ಕಾಕಾ ಲಾರಿ ಹತ್ತುವ ಮೊದಲು ಅದರ ಸುತ್ತ ಒಂದು ಸುತ್ತು ಬಂದು, ಒಂದೊಂದು ಟೈರನ್ನೂ ಅಂಗೈಯಿಂದ ತಟ್ಟುತ್ತಿದ್ದರು. ಬೇರೆ ಚಾಲಕರು ಗಾಳಿ ನೋಡಲು ಟೈರನ್ನು ಒದೆಯುತ್ತಿದ್ದರು. ಕಾಕಾಗೆ ಅದು ಸೇರದು. "ದುಡದ ಹಾಕೋ ಜೀವಕ್ಕ ಒದೀತಾರೇನಲೇ?" ಎಂದು ಬೈಯುತ್ತಿದ್ದರು.

ನಾನು ಪುಣೆಯ ಯೆರವಡಾದ ಸರಕು ಸಾಗಣೆ ಕಂಪನಿಯೊಂದರಲ್ಲಿ ಲೋಡು ಹಂಚುವ ಗುಮಾಸ್ತೆ, ಧಾರವಾಡದವಳು. ಕಾಕಾ ಗೋಕಾಕದ ಕಡೆಯವರು. ದಿನವಿಡೀ ಮರಾಠಿ ಆಡಿ ನಾಲಿಗೆ ಸೋತಾಗ ಅವರು ಬಂದರೆ ತವರಿನವರೇ ಬಂದಂತೆ. ಆಗ ಅವರದು ಸ್ವಂತ ಲಾರಿ, ನಮ್ಮಲ್ಲಿ ಗುತ್ತಿಗೆ. ಮನಸ್ಸಿಲ್ಲದ ದಿನ ಬಾಗಿಲಲ್ಲೇ ನಿಂತು, "ಇವತ್ತ ನಾ ಬರಂಗಿಲ್ಲ ತಂಗಿ. ಗಾಡಿ ನಂದು, ಮರ್ಜಿ ನಂದು," ಎಂದು ಹೊರಟೇಬಿಡುವರು. ನನಗೆ ಸಿಟ್ಟು ಬರುತ್ತಿತ್ತು. ಒಳಗೊಳಗೇ ಹೊಟ್ಟೆಕಿಚ್ಚೂ ಆಗುತ್ತಿತ್ತು.

ಅವರ ಹೆಂಡತಿ, ನಮ್ಮ ಕಾಕಿಯ ಹೃದಯದ ಕವಾಟ ಕೆಟ್ಟಾಗ, ಲಾರಿ ಮಾರಿ ನೌಕರಿಗೆ ಸೇರಿರೆಂದು ಗಂಟುಬಿದ್ದವಳು ನಾನೇ. ನೌಕರನ ಹೆಂಡತಿಯ ಆಪರೇಷನ್ನಿಗೆ ಕಂಪನಿಯ ವಿಮೆಯಿತ್ತು, ಗುತ್ತಿಗೆಯವರಿಗೆ ಇರಲಿಲ್ಲ. ಕಾಕಾ ಒಂದು ವಾರ ನನ್ನ ಜೊತೆ ಮಾತು ಬಿಟ್ಟರು. ಆಮೇಲೊಂದು ದಿನ ಲಾರಿ ಮಾರಿ ಬಂದು ಸಮವಸ್ತ್ರ ಕೇಳಿದರು.

ಸೇರಿದ ಹೊಸದರಲ್ಲೇ ಹಳೆಯ ರೂಢಿಯಂತೆ "ನಾಳೆ ಬರಂಗಿಲ್ಲ" ಎಂದರು. ನಾನು ರಜೆಯ ಅರ್ಜಿ ಮುಂದಿಟ್ಟೆ. "ಈ ವಯಸ್ಸಿನಾಗ ನನಗ ಬೇಡೋದು ಕಲಸಾಕತ್ತೀಯೇನ?" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಅದಕ್ಕಿಂತ ಕಷ್ಟವಾದದ್ದು ದಿನಕ್ಕೊಂದು ಲಾರಿ ಓಡಿಸುವುದು. ಕಂಪನಿಯದು ಒಂಬತ್ತು ಲಾರಿ. ಯಾರಿಗೆ ಯಾವುದು ಎಂಬುದು ಆಯಾ ದಿನ ಬೆಳಗ್ಗೆಯೇ ಗೊತ್ತಾಗುವುದು. ಅಮಾವಾಸ್ಯೆಯ ಗಾಡಿ ಪೂಜೆ ಎಂದೂ ತಪ್ಪಿಸದ ಮನುಷ್ಯ ಈಗ ಯಾವ ಗಾಡಿಗೆ ಮಾಡಬೇಕು? ಸೇರಿದ ಮೇಲಿನ ಮೊದಲ ಅಮಾವಾಸ್ಯೆಯಂದು ನಾನು ಬರುವಷ್ಟರಲ್ಲಿ ಒಂಬತ್ತಕ್ಕೂ ವಿಭೂತಿ ಬಳಿದು, ಕಾಯಿ ಒಡೆದಿದ್ದರು.

"ಎಲ್ಲಾದಕ್ಕೂ ಯಾಕ್ರೀ ಕಾಕಾ?"

"ನಾಳೆ ಯಾವದು ನನ್ನ ಪಾಲಿಗೆ ಬರತೈತೋ ಯಾರಿಗ್ಗೊತ್ತು? ಉಳದಾವನ್ನ ನಡಸಾವ್ರೂ ಯಾರದೋ ಮನಿ ಮಕ್ಕಳ ಅಲ್ಲೇನ?"

ಕೊನೆಗೊಂದು ದಿನ, ವಯಸ್ಸು ಐವತ್ತೆಂಟಾಯಿತೆಂದು ಕಂಪನಿ ಅವರಿಗೆ ಹಾರ ಹಾಕಿ ಕಳಿಸಿತು. "ಸ್ವಂತ ಗಾಡಿ ಇದ್ದಿದ್ರ ನನ್ನ ಯಾರು ಇಳಸ್ತಿದ್ರು ತಂಗಿ?" ಎಂದರು. ನನ್ನ ಕಣ್ಣು ತುಂಬಿತು. ಅದನ್ನು ನೋಡಿ ತಲೆಯ ಮೇಲೆ ಕೈಯಿಟ್ಟರು. "ಅಳಬ್ಯಾಡ. ನಿಮ್ಮ ಕಾಕಿ ಮನ್ಯಾಗ ರೊಟ್ಟಿ ಬಡ್ಯಾಕತ್ತಾಳ. ಗಾಡಿ ಕೊಟ್ಟು ಆಕೀನ್ನ ಉಳಿಸ್ಕೊಂಡೀನಿ."

ಮುಂದಿನ ಅಮಾವಾಸ್ಯೆಗೆ ಕಾಯಿಯ ಚೀಲ ಹಿಡಿದು ಬಂದೇಬಿಟ್ಟರು. ನೌಕರರಲ್ಲದವರನ್ನು ಒಳಗೆ ಬಿಡುವಂತಿಲ್ಲವೆಂದು ಕಾವಲುಗಾರ ತಡೆದ. ಕಾಕಾ ಜಗಳವಾಡದೆ ಗೇಟಿನ ಹೊರಗೆ ನಿಂತರು. ಹೊರಟ ಚಾಲಕರೆಲ್ಲ ಒಬ್ಬೊಬ್ಬರಾಗಿ ಅವರ ಮುಂದೆ ಲಾರಿ ನಿಲ್ಲಿಸಿದರು. ಕಾಕಾ ಟೈರು ತಟ್ಟಿ, ಕಾಯಿ ಒಡೆದು ಕಳಿಸಿದರು. ಒಂಬತ್ತನೆಯದೂ ಹೋದ ಮೇಲೆ ಚೀಲ ಮಡಚಿ, ನನ್ನತ್ತ ಕೈಯೆತ್ತಿ, ಬಸ್ ನಿಲ್ದಾಣದ ಕಡೆ ನಡೆದರು. ಆ ತಿಂಗಳೇ ಗಂಡ ಹೆಂಡತಿ ಊರಿಗೆ ಹೋದರು. ಮತ್ತೆ ಭೇಟಿಯಾಗಲಿಲ್ಲ.

ನಮ್ಮಲ್ಲಿ ಈಗ ಯಾರೂ ಟೈರನ್ನು ಒದೆಯುವುದಿಲ್ಲ.